ಇಲ್ಫರ್ಡ್‌ನ ಹಾಡುಗಾರನಿಗೊಬ್ಬ ಮ್ಯಾನೇಜರ್

‘ಮಗ ಅಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡ್ತಾನಂತೆ. ಯಾರೋ ಮ್ಯಾನೇಜರ್ ಸಿಕ್ಕಿದ್ದಾರಂತೆ, ಸಹಿ ಹಾಕ್ಲಾ ಅಂತ ಕೇಳ್ತಿದಾನೆ. ಏನು ಹೇಳೋದು?’ ಹಾಸನದ ಕಡೆಯ ತಾಯಿಯೊಬ್ಬರು ಫೋನಿನಲ್ಲಿ ಹೀಗೆ ಕೇಳಿದಾಗ ನಮಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹುಡುಗ ಇಲ್ಫರ್ಡ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಬಾಡಿಗೆ ರೂಮಿನಲ್ಲಿದ್ದಾನೆ. ಓದಲು ಬಂದವನು. ಕಂಠ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಎಲಿಜಬೆತ್ ಲೈನ್ ರೈಲು ಬಂದ ಮೇಲೆ ಇಲ್ಫರ್ಡ್‌ನಿಂದ ಲಂಡನ್ ನಡುಭಾಗಕ್ಕೆ ರೈಲು ಬದಲಿಸದೆ ಹೋಗಿ ಬರಬಹುದು. ಇಲ್ಫರ್ಡ್ ಲೇನ್‌ನಲ್ಲಿ ಸೀರೆಯಿಂದ ಹಿಡಿದು ಸಾಂಬಾರು ಪುಡಿಯವರೆಗೆ ಎಲ್ಲವೂ ಸಿಗುತ್ತದೆ. ಹೀಗಾಗಿ ವಿದ್ಯಾರ್ಥಿಗಳು, ನರ್ಸ್‌ಗಳು, ಐ.ಟಿ. ಹುಡುಗರು ಈ ಕಡೆ ಮನೆ ಹುಡುಕುತ್ತಾರೆ. ಅವರಲ್ಲಿ ಹಾಡುವವರು, ತಬಲಾ ಬಾರಿಸುವವರು, ಕೀಬೋರ್ಡ್ ಹಿಡಿದವರು ಇದ್ದೇ ಇರುತ್ತಾರೆ. ಯುಗಾದಿ, ಗಣೇಶ, ರಾಜ್ಯೋತ್ಸವ ಬಂತೆಂದರೆ ಇವರಿಗೆ ಬಿಡುವಿಲ್ಲ.

ನಮ್ಮ ಸಂಘಗಳಲ್ಲಿ ಈ ಕೆಲಸವನ್ನೆಲ್ಲ ಸ್ವಯಂಸೇವಕರೇ ಮಾಡುತ್ತ ಬಂದಿದ್ದಾರೆ. ಹಾಲ್ ಕಾದಿರಿಸುವವರು, ಕಾರಿನ ಡಿಕ್ಕಿಯಲ್ಲಿ ಸ್ಪೀಕರ್ ತರುವವರು, ಬೆಂಗಳೂರಿನಿಂದ ಬಂದ ಗಾಯಕರಿಗೆ ಮನೆಯಲ್ಲೇ ಉಪ್ಪಿಟ್ಟು ಮಾಡಿ ಹಾಕುವವರು ಎಲ್ಲರೂ ಸಂಘದವರೇ. ಆದರೆ ಇವರಾರೂ ಗಾಯಕನ ಮ್ಯಾನೇಜರ್ ಅಲ್ಲ. ಸಂಘಟಕ ದುಡಿಯುವುದು ಆ ಒಂದು ಸಂಜೆಗಾಗಿ. ಮ್ಯಾನೇಜರ್ ದುಡಿಯಬೇಕಾದದ್ದು ಗಾಯಕನ ಮುಂದಿನ ಐದು ವರ್ಷಕ್ಕಾಗಿ. ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಹುಡುಗರು, ನಾಲ್ಕು ಕಾರ್ಯಕ್ರಮ ಕೊಡಿಸಿದವರನ್ನೇ ಮ್ಯಾನೇಜರ್ ಅಂದುಕೊಳ್ಳುತ್ತಾರೆ.

ನಿಜವಾದ ಮ್ಯಾನೇಜ್‌ಮೆಂಟ್ ಕಂಪನಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದೇ ಲಂಡನ್ನಿನ ಒಂದು ಉದಾಹರಣೆಯಿದೆ. ಇಲ್ಫರ್ಡ್ ನಗರದ ಪೂರ್ವಕ್ಕಾದರೆ, ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಹೌನ್ಸ್ಲೋ ಪಶ್ಚಿಮಕ್ಕೆ. ಅಲ್ಲಿನ ಪಂಜಾಬಿ ಹುಡುಗನೊಬ್ಬ ವೈದ್ಯಕೀಯ ಓದುತ್ತಿದ್ದವನು, ಅದನ್ನು ಅರ್ಧಕ್ಕೆ ಬಿಟ್ಟು ಹಾಡಲು ಹೊರಟ. ಆತನೇ ಜೇ ಶಾನ್. ಡಾಕ್ಟರಿಕೆ ಬಿಟ್ಟ ಮಗನ ಮನೆಯಲ್ಲಿ ಏನು ನಡೆದಿರಬಹುದು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವನ ಬೆನ್ನಿಗೆ ನಿಂತದ್ದು ಬಿಲ್ಲಿ ಗ್ರಾಂಟ್ ಮತ್ತು ರಾಬ್ ಸ್ಟುವರ್ಟ್ ಕಟ್ಟಿದ 2ಪಾಯಿಂಟ್9 ಎಂಬ ಸಣ್ಣ ಕಂಪನಿ. 2003ರಲ್ಲಿ ವರ್ಜಿನ್‌ನಂಥ ದೊಡ್ಡ ರೆಕಾರ್ಡ್ ಕಂಪನಿಯೊಂದಿಗೆ ಒಪ್ಪಂದವಾಯಿತು, 2004ರಲ್ಲಿ ಮೊದಲ ಆಲ್ಬಮ್ ಬಂತು. ಎರಡನೆಯ ಆಲ್ಬಮ್ ಮಾತ್ರ ಇಂದು, ನಾಳೆ ಎನ್ನುತ್ತ ಮುಂದಕ್ಕೆ ಹೋಯಿತು. 2006ರಲ್ಲಿ ಜೇ ಶಾನ್ ವರ್ಜಿನ್‌ನಿಂದ ಹೊರಬಂದ. ಇಂಥ ಹೊತ್ತಿನಲ್ಲಿ ಬಹಳಷ್ಟು ಗಾಯಕರ ಕಥೆ ಮುಗಿದಂತೆಯೇ. ಆದರೆ ಮ್ಯಾನೇಜ್‌ಮೆಂಟ್‌ನವರು ಕೈಬಿಡಲಿಲ್ಲ. 2008ರಲ್ಲಿ ಎರಡನೆಯ ಆಲ್ಬಮನ್ನು ತಾವೇ, ಗಾಯಕನ ಸ್ವಂತ ಲೇಬಲ್ ಜೊತೆ ಸೇರಿ ಹೊರತಂದರು. ಅದು ಕೇಳುಗರನ್ನು ಮುಟ್ಟಿತು, ಅಮೆರಿಕದ ಕ್ಯಾಶ್ ಮನಿ ಕಂಪನಿಯ ಬಾಗಿಲು ತೆರೆಯಿತು. 2009ರ ಅಕ್ಟೋಬರ್‌ನಲ್ಲಿ ‘ಡೌನ್’ ಎಂಬ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿ 26 ವಾರ ಸತತವಾಗಿ ಕೂತಿದ್ದ ಬ್ಲ್ಯಾಕ್ ಐಡ್ ಪೀಸ್ ತಂಡವನ್ನು ಇಳಿಸಿದ್ದು ಇದೇ ಹಾಡು.

ನಮ್ಮ ಮಟ್ಟಿಗೆ ಈ ಕಥೆಯ ಮುಖ್ಯ ಭಾಗ 2009 ಅಲ್ಲ, 2006ರಿಂದ 2008ರವರೆಗಿನ ಎರಡು ವರ್ಷ. ಕಂಪನಿ ಕಂಪನಿಯಾಗಿ ಬೆಳೆದದ್ದು ಆಗಲೇ. ಎಚ್. ಧಾಮಿಯಂಥ ಹೊಸ ಗಾಯಕರನ್ನೂ ಅದು ಈ ಹೊತ್ತಿಗೆ ತನ್ನ ಲೇಬಲ್‌ಗೆ ಸೇರಿಸಿಕೊಂಡಿತ್ತು.

ಕನ್ನಡಕ್ಕೆ ಇಂಥದ್ದೊಂದು ನಿದರ್ಶನ ಬೇಕೆಂದರೆ ರಘು ದೀಕ್ಷಿತ್ ಇದ್ದಾರೆ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತವರು. 2008ರಲ್ಲಿ ಅವರ ಮೊದಲ ಆಲ್ಬಮನ್ನು ವಿಶಾಲ್–ಶೇಖರ್ ಜೋಡಿಯ ಲೇಬಲ್ ಹೊರತಂದಿತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರ ತಂಡ ಕಾಣಿಸಿಕೊಂಡಿತು. 2011ರಲ್ಲಿ ಇಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಬಂತು. ಶಿಶುನಾಳ ಶರೀಫರ ಪದಗಳು ಕನ್ನಡವೇ ಬಾರದ ಬ್ರಿಟಿಷರ ಕಿವಿಗೆ ಬಿದ್ದದ್ದು ಹೀಗೆ. ಆ ದಿನಗಳಲ್ಲಿ ತಂಡದ ಬೇಸ್ ಗಿಟಾರ್ ವಾದಕ ಗೌರವ್ ವಾಜ್ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಗಿಟಾರ್, ಕೆಳಗಿಳಿದರೆ ಇಮೇಲ್ ಮತ್ತು ಲೆಕ್ಕ! ಕನ್ನಡ ತಂಡಗಳು ಹೆಚ್ಚಾಗಿ ಇವತ್ತಿಗೂ ನಡೆಯುವುದು ಹೀಗೆಯೇ, ತಂಡದೊಳಗಿನ ಒಬ್ಬರ ಹೆಗಲ ಮೇಲೆ.

ಇನ್ನು ಹಣದ ಮಾತು. ಇಲ್ಲಿ ಮ್ಯಾನೇಜರ್ ಸಂಬಳ ಕೇಳುವುದಿಲ್ಲ, ಗಳಿಕೆಯಲ್ಲಿ ಪಾಲು ಕೇಳುತ್ತಾನೆ. ಸಾಮಾನ್ಯವಾಗಿ ಅದು ಶೇ 15ರಿಂದ 20. ಯಾವುದರ ಮೇಲೆ ಪಾಲು ಎಂಬುದೇ ಇಲ್ಲಿ ಗುಟ್ಟು. ಒಂದು ಕಾರ್ಯಕ್ರಮಕ್ಕೆ 2,000 ಪೌಂಡ್ ಬಂತು, ವಾದ್ಯದವರಿಗೆ ಮತ್ತು ಪ್ರಯಾಣಕ್ಕೆ 1,200 ಖರ್ಚಾಯಿತು ಎಂದಿಟ್ಟುಕೊಳ್ಳಿ. ಒಟ್ಟು ಹಣದ ಮೇಲೆ ಶೇ 20 ಎಂದರೆ ಮ್ಯಾನೇಜರ್‌ಗೆ 400, ಗಾಯಕನಿಗೂ 400. ಖರ್ಚು ಕಳೆದ ಮೇಲೆ ಶೇ 20 ಎಂದರೆ ಮ್ಯಾನೇಜರ್‌ಗೆ 160, ಗಾಯಕನಿಗೆ 640. ಒಪ್ಪಂದದಲ್ಲಿ ಒಂದೇ ಪದದ ವ್ಯತ್ಯಾಸ. ಒಪ್ಪಂದ ಮುಗಿದ ಮೇಲೂ ಎಷ್ಟು ಕಾಲ ಪಾಲು ಕೊಡಬೇಕು ಎಂಬುದನ್ನೂ ಓದಿ ನೋಡಬೇಕು. ಮೊದಲೇ ‘ನೋಂದಣಿ ಶುಲ್ಕ’ ಕಟ್ಟಿ ಎನ್ನುವವರ ಹತ್ತಿರ ಮಾತು ಮುಂದುವರಿಸುವುದೇ ಬೇಡ.

ಇದಕ್ಕಿಂತ ದೊಡ್ಡದು ವೀಸಾ. ಊರಿನಲ್ಲಿರುವ ತಂದೆ–ತಾಯಿ ಇದನ್ನು ಗಮನವಿಟ್ಟು ಓದಬೇಕು. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪದವಿ ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಎಂಬುದು ಎಲ್ಲರಿಗೂ ಗೊತ್ತು. ಅದೇ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ವೃತ್ತಿಪರ ಮನರಂಜನಾ ಕಲಾವಿದರಾಗಿ ದುಡಿಯುವಂತಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮದುವೆ ಹಾಲ್‌ನಲ್ಲಿ ಹಾಡಿ ಕೈಗೆ 100 ಪೌಂಡ್ ತೆಗೆದುಕೊಂಡರೆ, ಲಕ್ಷಾಂತರ ರೂಪಾಯಿ ಸಾಲ ಮಾಡಿ ಕಳಿಸಿದ ಓದಿಗೇ ಕುತ್ತು. ಸ್ಕಿಲ್ಡ್ ವರ್ಕರ್ ವೀಸಾದವರಿಗೂ ಹೊರಗಿನ ಸಂಪಾದನೆಗೆ 20 ಗಂಟೆಯ ಮಿತಿ ಇದೆ, ಅದೂ ಸರ್ಕಾರ ಒಪ್ಪಿದ ಉದ್ಯೋಗಗಳಿಗೆ ಮಾತ್ರ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಪಡೆದವರು ಮಾತ್ರ ಸ್ವಂತವಾಗಿ ದುಡಿಯಬಹುದು, ಹಾಡಿ ಬಿಲ್ ಕೊಡಬಹುದು. ಮ್ಯಾನೇಜರ್ ಎನ್ನುವವನು ಮೊದಲ ದಿನವೇ ವೀಸಾ ಯಾವುದು ಎಂದು ಕೇಳದಿದ್ದರೆ, ಅವನಿಗೆ ಕೆಲಸ ಬಾರದು ಅಥವಾ ಹುಡುಗನ ಚಿಂತೆಯಿಲ್ಲ.

ಕರ್ನಾಟಕದಿಂದ ಕಾರ್ಯಕ್ರಮಕ್ಕೆ ಬರುವ ಕಲಾವಿದರ ದಾರಿಯೇ ಬೇರೆ. ಇಲ್ಲಿನ ಕಲಾ ಸಂಸ್ಥೆಯ ಆಹ್ವಾನ ಕೈಯಲ್ಲಿದ್ದು, ಬಂದ 30 ದಿನದೊಳಗೆ ಕಾರ್ಯಕ್ರಮ ಮುಗಿಯುವುದಾದರೆ ವಿಸಿಟರ್ ವೀಸಾದಲ್ಲೇ ಸಂಭಾವನೆ ಪಡೆದು ಹಾಡಲು ಅವಕಾಶವಿದೆ. ಕಾರ್ಯಕ್ರಮ ಹೊರಡುವ ಮೊದಲೇ ನಿಗದಿಯಾಗಿರಬೇಕು, ಹಾಡುವುದೇ ತಮ್ಮ ವೃತ್ತಿ ಎಂದು ತೋರಿಸಬೇಕು. ಹೆಚ್ಚು ದಿನದ ಪ್ರವಾಸಕ್ಕೆ ಕ್ರಿಯೇಟಿವ್ ವರ್ಕರ್ ವೀಸಾ, ಅದಕ್ಕೆ ಪರವಾನಗಿ ಇರುವ ಸ್ಪಾನ್ಸರ್ ಬೇಕು. ಹೊರದೇಶದ ಕಲಾವಿದರ ಸಂಭಾವನೆ ವರ್ಷಕ್ಕೆ 12,570 ಪೌಂಡ್ ದಾಟಿದರೆ ಕೊಡುವವರೇ ಶೇ 20 ತೆರಿಗೆ ಹಿಡಿದು ಕಟ್ಟಬೇಕಾಗುತ್ತದೆ. ಇಷ್ಟೆಲ್ಲ ಕಾಗದ ಪತ್ರ ಸಂಭಾಳಿಸುವುದೂ ಮ್ಯಾನೇಜ್‌ಮೆಂಟ್ ಕೆಲಸವೇ. ವೇದಿಕೆಯ ಮೇಲೆ ಹೂಗುಚ್ಛ ಕೊಡುವುದು ಸುಲಭ.

ಈ ದೇಶದಲ್ಲಿ ಸಂಗೀತಗಾರರ ಮ್ಯಾನೇಜರ್ ಆಗಲು ಪರವಾನಗಿಯೇನೂ ಬೇಕಿಲ್ಲ. ಆದರೆ ಕಂಪನಿ ನೋಂದಣಿಯಾಗಿದೆಯೇ, ನಿರ್ದೇಶಕರು ಯಾರು ಎಂಬುದನ್ನು ಕಂಪನೀಸ್ ಹೌಸ್ ದಾಖಲೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು, ಊರಿನಿಂದಲೇ ಮೊಬೈಲ್‌ನಲ್ಲಿ ಕೂಡ. ಮ್ಯೂಸಿಶಿಯನ್ಸ್ ಯೂನಿಯನ್ ಸದಸ್ಯರಾದರೆ ಸಹಿಗೆ ಮೊದಲು ಅವರ ಕಡೆಯಿಂದ ಒಪ್ಪಂದ ಓದಿಸಿಕೊಳ್ಳಬಹುದು.

ಹಾಸನದ ಆ ತಾಯಿಗೆ ನಾವು, ‘ಅಮ್ಮಾ, ಕಾಗದ ನಮಗೊಮ್ಮೆ ತೋರಿಸಲಿ’ ಎಂದೆವು. ಭಾನುವಾರ ಹುಡುಗ ತಂದ. ಅವಧಿ ಐದು ವರ್ಷ, ಒಟ್ಟು ಗಳಿಕೆಯ ಮೇಲೆ ಶೇ 20, ವೀಸಾದ ಬಗ್ಗೆ ಒಂದು ಸಾಲೂ ಇಲ್ಲ. ಓದಿ ಹೇಳಿದಾಗ ಮುಖ ಸಪ್ಪಗಾಯಿತು. ಸಹಿ ಸದ್ಯಕ್ಕಿಲ್ಲ, ಕೋರ್ಸ್ ಮುಗಿದು ವೀಸಾ ಬದಲಾದ ಮೇಲೆ ಮತ್ತೆ ನೋಡೋಣ ಎಂದು ತೀರ್ಮಾನವಾಯಿತು. ಈ ರಾಜ್ಯೋತ್ಸವಕ್ಕೆ ಅವನು ಹಾಡುತ್ತಾನೆ. ಸಂಭಾವನೆ ಇಲ್ಲ, ಊಟ ಇದೆ. ಅಮ್ಮನಿಗೆ ವಿಡಿಯೊ ಕಳಿಸುವ ಜವಾಬ್ದಾರಿ ನಮ್ಮದು.