ಗುಳಿಗೆ ತರುವ ನಿದ್ರೆ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಸಂತೆಯೇ ನಿದ್ದೆಯನ್ನು ಕಸಿದುಕೊಂಡರೆ ಮಾಡುವುದೇನು? ಕೋಲಾರದ ಮಂಡಿಗೆ ಟೊಮ್ಯಾಟೊ ಸಾಗಿಸುವವರು, ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಲಾರಿ ತುಂಬುವವರು, ಹುಳು ಹಣ್ಣಾಗುವ ಮುನ್ನ ರಾತ್ರಿಯೂ ಹಿಪ್ಪುನೇರಳೆ ಸೊಪ್ಪು ಹಾಕುವ ಮುಳಬಾಗಿಲಿನ ರೇಷ್ಮೆ ಬೆಳೆಗಾರರು, ಮಾಲೂರು, ನರಸಾಪುರಗಳ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡುವವರು, ಇವರೆಲ್ಲರ ಇರುಳು ಹಗಲಾಗುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಬಳಿಕ ಕೆ.ಜಿ.ಎಫ್.ನ ಸಾವಿರಾರು ಮಂದಿ ಹೊಟ್ಟೆಪಾಡಿಗಾಗಿ ಕೋಳಿ ಕೂಗುವ ಹೊತ್ತಿಗೇ ಎದ್ದು ಬೆಂಗಳೂರಿನ ರೈಲು ಹಿಡಿಯುವಂತಾಯಿತು. ಹೀಗೆ ನಿದ್ರೆ ಕೆಟ್ಟವರಿಗೆ ಔಷಧದ ಅಂಗಡಿ ನೆನಪಾಗುವುದು ಸಹಜವೇ.

ನಮ್ಮ ಹಿರಿಯರು ಗಸಗಸೆ ಪಾಯಸವನ್ನೂ ಜಾಯಿಕಾಯಿ ತೇಯ್ದ ಬಿಸಿಹಾಲನ್ನೂ ನಂಬಿದ್ದರು. ವೈದ್ಯರು ಸರ್ಪಗಂಧದ ಬೇರನ್ನು ಬಲ್ಲವರಾಗಿದ್ದರು. ಆ ಬೇರಿನ ಗುಣವನ್ನು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಬರೆದು ತಿಳಿಸಿದರು. ಪಶ್ಚಿಮದಲ್ಲಿ 1903ರಿಂದ ಬಾರ್ಬಿಟ್ಯುರೇಟ್ ಗುಳಿಗೆಗಳ ಕಾಲ ಮೊದಲಾಯಿತು. ಪ್ರಮಾಣ ಮೀರಿದರೆ ಅವು ಪ್ರಾಣವನ್ನೇ ತೆಗೆಯುತ್ತಿದ್ದವು. 1963ರಲ್ಲಿ ಬಂದ ಡಯಾಜೆಪಾಮ್ ಮತ್ತು ಅದರ ಬಳಗದವು ಅಷ್ಟು ಕ್ರೂರವಲ್ಲ. ಆದರೆ ಅವುಗಳ ಬಲೆ ಬೇರೆ ಬಗೆಯದು.

ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಸಾಯನದ ಬಲವನ್ನು ಈ ಗುಳಿಗೆಗಳು ಹೆಚ್ಚಿಸುತ್ತವೆ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ನಿನ್ನೆ ಒಂದರಿಂದ ಬಂದ ನಿದ್ರೆ ಇಂದು ಎರಡನ್ನು ಬೇಡುತ್ತದೆ. ಥಟ್ಟನೆ ಬಿಟ್ಟರೆ ನಿದ್ರೆ ಇನ್ನಷ್ಟು ಕೆಡುವುದಲ್ಲದೆ ಫಿಟ್ಸ್ ಬರುವುದೂ ಉಂಟು. ಮದ್ಯದೊಡನೆ ಸೇರಿದರೆ ಉಸಿರಾಟವೇ ಕುಂದಬಹುದು. ವೃದ್ಧರಿಗಂತೂ ಮಂಕು ಕವಿದು, ಇರುಳಿನಲ್ಲಿ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿಯುವ ಭಯವಿದೆ. ಆದುದರಿಂದಲೇ ಡಯಾಜೆಪಾಮ್, ಆಲ್‌ಪ್ರಜೋಲಾಮ್, ಜೋಲ್ಪಿಡೆಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂದೂ 2014ರಿಂದ ಕಾನೂನಿದೆ. ನೆರೆಮನೆಯಾಕೆ ಪ್ರೀತಿಯಿಂದ ಕೊಟ್ಟ ಗುಳಿಗೆಗೆ ಚೀಟಿಯೂ ಇಲ್ಲ, ಪುಸ್ತಕವೂ ಇಲ್ಲ!

ನಿದ್ರಾಹೀನತೆ ಅನೇಕ ವೇಳೆ ಬೇರೊಂದು ಬೇನೆಯ ನೆರಳು. ನೋವು, ಖಿನ್ನತೆ, ಗೊರಕೆಯ ನಡುವೆ ಉಸಿರು ಕಟ್ಟುವುದು, ಸಂಜೆ ಮೀರಿದ ಕಾಫಿ, ಇವುಗಳಲ್ಲಿ ಕಾರಣವಾವುದೆಂದು ಮೊದಲು ಅರಿಯಬೇಕು. ಬಹುಕಾಲದಿಂದ ನಿದ್ರೆ ಬಾರದವರಿಗೆ ಔಷಧಕ್ಕಿಂತ ಮೊದಲು ನಡೆವಳಿಕೆಯ ಚಿಕಿತ್ಸೆಯೇ ಲೇಸೆಂದು 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಸಾರಿತು. ನಿತ್ಯವೂ ಒಂದೇ ಹೊತ್ತಿಗೆ ಏಳುವುದು, ನಿದ್ರೆ ಬಾರದಿದ್ದರೆ ಹೊರಳಾಡದೆ ಹಾಸಿಗೆ ಬಿಟ್ಟು ಕೂರುವುದು, ತೂಕಡಿಕೆ ಬಂದಾಗಲೇ ಮರಳುವುದು, ಇವೇ ಅದರ ಸೂತ್ರಗಳು. ರಾತ್ರಿಪಾಳಿಯವರು ಹಗಲಿನಲ್ಲಿ ಕೋಣೆಯನ್ನು ಕತ್ತಲಾಗಿಸಿ ಮಲಗಬೇಕು. ಮನೆಮಂದಿ ಆ ಹೊತ್ತಿನಲ್ಲಿ ಸದ್ದಡಗಿಸಬೇಕು.

ಈಗಾಗಲೇ ಗುಳಿಗೆಗೆ ಒಗ್ಗಿಹೋದವರು ನಾಚಬೇಕಾದುದೂ ಇಲ್ಲ, ಒಮ್ಮೆಲೇ ಬಿಡಬೇಕಾದುದೂ ಇಲ್ಲ. ವೈದ್ಯರಿಗೆ ನಿಜವನ್ನು ಹೇಳಿ, ಅವರ ಅಂಕೆಯಲ್ಲಿ ಸ್ವಲ್ಪಸ್ವಲ್ಪವಾಗಿ ತಗ್ಗಿಸಬೇಕು. ಮನಸ್ಸು ನೊಂದವರು 14416ಕ್ಕೆ ದೂರವಾಣಿ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲಿಯೇ ಕಿವಿಗೊಡುತ್ತಾರೆ. ಮನೆಯ ಹಿರಿಯರ ತಲೆದಿಂಬಿನ ಕೆಳಗೆ ಯಾವ ಗುಳಿಗೆಯಿದೆ, ಎಂದಿನಿಂದಿದೆ ಎಂದು ಮಕ್ಕಳು ಮೆಲ್ಲನೆ ವಿಚಾರಿಸಿಕೊಂಡರೆ ಅದೂ ಒಂದು ಸೇವೆಯೇ.