ಟ್ಯಾಂಕು ಎತ್ತಿದ ಮೇಲೆ ಕುಣಿಯಲ್ಲಿ ಉಳಿದದ್ದು

ಹಳೆಯ ಪೆಟ್ರೋಲ್ ಪಂಪ್ ಒಂದು ಮುಚ್ಚಿತೆಂದರೆ ಜೆಸಿಬಿ ಬರುತ್ತದೆ, ಟ್ಯಾಂಕು ಗುಜರಿಗೆ ಹೋಗುತ್ತದೆ, ಕುಣಿಗೆ ಗರಸು ಬೀಳುತ್ತದೆ. ಅದರ ಮೇಲೆ ಮಳಿಗೆಯ ಪಾಯ ಏಳುತ್ತದೆ. ಕುಣಿಯ ತಳದ ಮಣ್ಣನ್ನು ಒಂದು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿ ಎನ್ನುವವರು ಅಪರೂಪ. ಇದು ನನಗೆ ಸಿಟ್ಟು ತರಿಸುತ್ತದೆ, ಯಾಕೆಂದರೆ ನೆಲದಡಿಯ ಎಚ್ಚರ ನಮ್ಮ ಸೀಮೆಗೆ ಹೊಸದಲ್ಲ. ನೆಲದಡಿ ಧಾನ್ಯ ತುಂಬಿಡುವ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಜೋಳ ತೆಗೆಯಲು ಇಳಿಯುತ್ತಿರಲಿಲ್ಲ. ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು.

ಇಂಧನ ನೆಲದೊಳಗೆ ಸೇರಿದ ಕಥೆ ಶುರುವಾಗುವುದು ಒಂದು ಕಿರಾಣಿ ಅಂಗಡಿಯಲ್ಲಿ. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನ ಜೇಕ್ ಗಂಪರ್ ಅಂಗಡಿಯಲ್ಲಿ ಸೀಮೆಎಣ್ಣೆಯ ಪೀಪಾಯಿ ಬೆಣ್ಣೆಯ ಪಕ್ಕದಲ್ಲೇ ಇತ್ತಂತೆ. ಪೀಪಾಯಿ ಸೋರಿ ಬೆಣ್ಣೆಗೆ ಎಣ್ಣೆಯ ರುಚಿ ಹತ್ತಿತು, ಗಿರಾಕಿಗಳು ತಕರಾರು ತೆಗೆದರು. ಇದಕ್ಕೆ ಪರಿಹಾರವಾಗಿ 1885ರಲ್ಲಿ ಸಿಲ್ವೇನಸ್ ಬೌಸರ್ ಎಂಬಾತ ಕೈಯಿಂದ ಎಳೆಯುವ ಪಂಪೊಂದನ್ನು ಮಾಡಿ ಗಂಪರ್‌ಗೆ ಮಾರಿದ. ಅದರೊಳಗಿನ ಕವಾಟಗಳು ಗೋಲಿಗಳು, ಮೇಲೆಕೆಳಗಾಡುವ ದಟ್ಟೆ ಕಟ್ಟಿಗೆಯದು. ಮುಂದೆ ಮೋಟಾರು ಬಂತು. 1905ರ ಹೊತ್ತಿಗೆ ಅದೇ ಬೌಸರ್ ಪೆಟ್ರೋಲಿಗೂ ಪಂಪು ಮಾಡಿದ. ಬೆಂಕಿಯ ಭಯಕ್ಕೆ ಟ್ಯಾಂಕು ಮಣ್ಣಿನಡಿ ಸೇರಿತು. ಒಂದು ಸೋರಿಕೆಯಿಂದ ಬೆಣ್ಣೆಯನ್ನು ಉಳಿಸಲು ಹೊರಟ ಯಂತ್ರವೇ ಸೋರಿಕೆಯನ್ನು ಕಣ್ಣಿಗೆ ಬೀಳದ ಜಾಗಕ್ಕೆ ಇಳಿಸಿತು.

ನಮ್ಮ ಕಾನೂನಿನ ಕಣ್ಣೂ ಬೆಂಕಿಯ ಮೇಲೆಯೇ ಇತ್ತು. 1934ರ ಪೆಟ್ರೋಲಿಯಂ ಕಾಯ್ದೆ ಬ್ರಿಟಿಷರ ಕಾಲದ್ದು. ಪರವಾನಗಿ ನೋಡುವ, ಈಗ ಪೆಸೋ ಎನಿಸಿಕೊಂಡಿರುವ, ನಾಗಪುರದ ಸಂಸ್ಥೆಯ ಹಳೆಯ ಹೆಸರೇ ಸ್ಫೋಟಕಗಳ ಇಲಾಖೆ. ಬರ್ಮಾ ಶೆಲ್, ಎಸ್ಸೋ, ಕಾಲ್ಟೆಕ್ಸ್ ಹೋಗಿ ಸರ್ಕಾರಿ ಕಂಪನಿಗಳು ಬಂದರೂ ಟ್ಯಾಂಕಿನ ಅಡಿಯ ಮಣ್ಣನ್ನು ಕೇಳುವವರು ಬರಲಿಲ್ಲ. ಅಮೆರಿಕದಲ್ಲಿ 1983ರಲ್ಲಿ ಟಿವಿ ಕಾರ್ಯಕ್ರಮವೊಂದು ಬಾವಿಗಳಿಗೆ ಇಳಿದ ಪೆಟ್ರೋಲನ್ನು ಮನೆಮನೆಗೆ ತೋರಿಸಿತು. ಮರುವರ್ಷವೇ ಕಾನೂನಾಯಿತು. 1988ರ ನಿಯಮಗಳು ಟ್ಯಾಂಕು ಮುಚ್ಚುವಾಗ ಜಾಗದ ಪರೀಕ್ಷೆಯನ್ನು ಕಡ್ಡಾಯ ಮಾಡಿದವು.

ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಂಪುಗಳಿಗೆ ಮಾರ್ಗಸೂಚಿ ಹೊರಡಿಸಿದ್ದು 2020ರ ಜನವರಿಯಲ್ಲಿ. ಹೊಸ ಪಂಪು ಶಾಲೆ, ಆಸ್ಪತ್ರೆ, ವಸತಿಯಿಂದ 50 ಮೀಟರ್ ದೂರವಿರಬೇಕು. ಜಾಗದ ಅಡಚಣೆ ಇದ್ದರೂ 30 ಮೀಟರಿಗಿಂತ ಹತ್ತಿರ ಸಲ್ಲದು. 165 ಲೀಟರಿಗಿಂತ ಹೆಚ್ಚು ಸೋರಿದರೆ ವರದಿ ಮಾಡಬೇಕು. ಅಷ್ಟರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಕೊಳವೆಬಾವಿಗಳಲ್ಲಿ ತೈಲ ಕಾಣಿಸಿಕೊಂಡು ಆರೇಳು ವರ್ಷವೇ ಕಳೆದಿತ್ತು. ಅಲ್ಲಿ ಸೋರಿದ್ದು ಪೈಪ್‌ಲೈನ್.

ನೆಲದಡಿಯ ಸೋರಿಕೆ ಹೇಗೆ ಆಗುತ್ತದೆಂಬುದು ಎರೆ ಮಣ್ಣನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಬೈಲಹೊಂಗಲದ ಎರೆ ಹೊಲ ಮಳೆಗಾಲದಲ್ಲಿ ಉಬ್ಬಿ ಬಾಯಿ ಮುಚ್ಚುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಈ ಉಬ್ಬು-ಕುಗ್ಗಿನಲ್ಲಿ ಹೂತ ಪೈಪಿನ ಜೋಡಣೆ ಸಡಿಲುತ್ತದೆ, ಹಸಿ ಜೇಡಿ ಉಕ್ಕನ್ನು ತಿನ್ನುತ್ತದೆ. ಸೋರಿದ ಪೆಟ್ರೋಲ್ ಬಿರುಕು ಹಿಡಿದು ಕೆಳಗಿಳಿಯುತ್ತದೆ. ಜೇಡಿಗೆ ಅಂಟಿದ್ದು ಬೇಗ ಬಿಡುವುದಿಲ್ಲ. ಸವದತ್ತಿ, ರಾಮದುರ್ಗದ ಕಡೆ ತೆಳು ಮಣ್ಣಿನಡಿ ಬಿರುಕು ಬಿಟ್ಟ ಬಂಡೆ ಸಿಕ್ಕರೆ ಎಣ್ಣೆ ಯಾವ ಬಾವಿಯತ್ತ ಹೋಯಿತೆಂದು ಮೇಲಿನಿಂದ ಹೇಳಲಾಗದು.

ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ, ಆದರೆ ಕ್ರಮ ಬೇಕು. ಮೊದಲು ಟ್ಯಾಂಕಿನ ಆವಿಯನ್ನು ಹೊರಹಾಕಿ ಆವಿ ಅಳೆಯುವ ಮೀಟರ್ ಹಿಡಿಯಬೇಕು. ಇಲ್ಲಿ ಕಂದೀಲು ಇಳಿಬಿಟ್ಟರೆ ಅನಾಹುತ! ಟ್ಯಾಂಕು ಎತ್ತಿದ ದಿನವೇ ಅದರ ಎರಡೂ ತುದಿಗಳ ಅಡಿಯಿಂದ, ಪೈಪಿನ ಜೋಡಣೆಗಳ ಕೆಳಗಿನಿಂದ, ಪಂಪು ನಿಂತಿದ್ದ ಜಾಗದಿಂದ ಮಣ್ಣು ತೆಗೆಯಬೇಕು. ಗಾಜಿನ ಸೀಸೆಯಲ್ಲಿ ಗಾಳಿಗೆ ಜಾಗವಿಲ್ಲದಂತೆ ಒತ್ತಿ ತುಂಬಿ ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಬಿಸಿಲಿಗೆ ಹರವಿದ ಮಣ್ಣಿನಿಂದ ಪೆಟ್ರೋಲಿನಲ್ಲಿರುವ ಬೆಂಜೀನ್ ಹಾರಿಹೋಗುತ್ತದೆ, ವರದಿ ಶುದ್ಧವೆಂದು ಬರುತ್ತದೆ. ಬೆಂಜೀನ್ ಕ್ಯಾನ್ಸರ್ ತರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಕೊಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು 2000ದಲ್ಲಿ, ಆದ್ದರಿಂದ ಹಳೆಯ ಕುಣಿಗಳಲ್ಲಿ ಸೀಸವನ್ನೂ ನೋಡಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನೇ ಮೊದಲು ತಿನ್ನುವುದರಿಂದ ಬೆಂಜೀನ್ ಕೊಳೆಯದೆ ಉಳಿದು ಇನ್ನಷ್ಟು ದೂರ ಹರಿಯಬಹುದು.

2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರದ ನಿಯಮಗಳು ಬಂದಿವೆ. ಸಂಶಯದ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಂಡಳಿ ಪ್ರಾಥಮಿಕ ತಪಾಸಣೆ ಮಾಡಬೇಕು, ಕೆಡಿಸಿದವರೇ ವೆಚ್ಚ ಭರಿಸಬೇಕು. ಪುಣೆ-ಬೆಂಗಳೂರು ರಸ್ತೆಯ ಮೇಲಿನ ಕಿತ್ತೂರಿನಿಂದ ರಾಮದುರ್ಗದವರೆಗೆ ಮುಚ್ಚಿದ ಪಂಪುಗಳ ಜಾಗ ಈ ಪಟ್ಟಿಗೆ ಬರಲೇಬೇಕು. ಹುಡುಕಲು ನೆಲ ಅಗೆಯಬೇಕಿಲ್ಲ. ಪಂಪಿನ ಪರವಾನಗಿಯ ಜೊತೆ ಅನುಮೋದಿತ ನಕಾಶೆ ಇರುತ್ತದೆ, ಟ್ಯಾಂಕು ಎಲ್ಲಿ ಹೂತಿತ್ತೆಂಬುದು ಅದರಲ್ಲಿ ಗುರುತಾಗಿರುತ್ತದೆ. ಅಂಥ ಜಾಗ ಕೊಳ್ಳುವವರು ಉತಾರದ ಜೊತೆಗೆ ಆ ನಕಾಶೆಯನ್ನೂ ಮಣ್ಣಿನ ವರದಿಯನ್ನೂ ಕೇಳಲಿ. ಪಾಯಕ್ಕೆ ಕಲ್ಲು ಬೀಳುವ ಮುಂಚೆಯೇ ಕೇಳಲಿ.