38911 ಕಾಣಿಸ್ತಿದೆಯಾ?

ಕಮೊಡೋರ್ 64 ಕಂಪ್ಯೂಟರಿನ ಸ್ವಿಚ್ ಹಾಕಿದ ಮೇಲೆ ಕಾಯುವ ಮಾತಿಲ್ಲ. ಎರಡು ಮೂರು ಸೆಕೆಂಡಿನಲ್ಲಿ ಟಿವಿ ಪರದೆ ನೀಲಿಯಾಗಿ ಮೇಲ್ಗಡೆ ಎರಡು ಸಾಲು ಬರುತ್ತವೆ. ಎರಡನೆಯ ಸಾಲಿನಲ್ಲಿ ಒಂದು ಸಂಖ್ಯೆ: 38911. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಇಷ್ಟು ಬೈಟ್ ಜಾಗ ಖಾಲಿ ಇದೆ ಎಂದು ಅದರ ಅರ್ಥ. ಬಸ್ಸಿನೊಳಗೆ ಬರೆದಿರುವ ‘ಆಸನಗಳು 50’ ಎಂಬುದನ್ನು ಯಾರು ಓದುತ್ತಾರೆ? ಇದನ್ನೂ ಹಾಗೆಯೇ ಯಾರೂ ಓದುವುದಿಲ್ಲ. ಆದರೆ ಈ ಯಂತ್ರಕ್ಕೆ ಸಾಫ್ಟ್‌ವೇರ್ ಮಾರುವ ಕಂಪನಿಗೆ ಯಾರಾದರೂ ಫೋನ್ ಮಾಡಿ ‘ನೀವು ಕೊಟ್ಟದ್ದು ಕೆಲಸ ಮಾಡ್ತಿಲ್ಲ’ ಎಂದರೆ, ಆ ಕಡೆ ಕೂತವರು ವಿಚಾರಿಸಬೇಕಾದದ್ದು ಮೊದಲು ಈ ಸಂಖ್ಯೆಯನ್ನೇ. ಸ್ವಿಚ್ ಹಾಕಿದೊಡನೆ ಯಂತ್ರ ತನ್ನ ಮೆಮೊರಿಯನ್ನು ಒಂದೊಂದೇ ಬೈಟ್ ಮುಟ್ಟಿ ನೋಡುತ್ತ ಹೋಗುತ್ತದೆ; ಕೆಟ್ಟ ಜಾಗ ಸಿಕ್ಕಿದ ಕಡೆ ಎಣಿಕೆ ನಿಲ್ಲಿಸಿಬಿಡುತ್ತದೆ. ಹಿಂದುಗಡೆ ಕಾರ್ಟ್ರಿಜ್ ಏನೂ ಚುಚ್ಚಿಲ್ಲದೆ ಸಂಖ್ಯೆ ಕಡಿಮೆ ಬಂದರೆ ಮೆಮೊರಿ ಚಿಪ್ಪಿನ ಮೇಲೆಯೇ ಅನುಮಾನ. ಸಾಫ್ಟ್‌ವೇರಿನ ಮೇಲೆ ಗೂಬೆ ಕೂರಿಸುವ ಹಾಗಿಲ್ಲ.

1982ರಲ್ಲಿ 595 ಡಾಲರಿಗೆ ಮಾರಾಟಕ್ಕೆ ಬಂದ ಈ ಕಂಪ್ಯೂಟರು ಅಮೆರಿಕ, ಯೂರೋಪಿನ ಮನೆಗಳಲ್ಲಿ ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಕೂತಿತು. ಭಾರತದ ಮಟ್ಟಿಗೆ ಅದು ಅಪರೂಪದ ವಸ್ತು. ನಮ್ಮಲ್ಲಿ ಆ ಕಾಲಕ್ಕೆ ಪುಣೆಯ ಡೆಸಿಬೆಲ್ಸ್ ಕಂಪನಿ ಬ್ರಿಟನ್ನಿನ ಸ್ಪೆಕ್ಟ್ರಂ ಕಂಪ್ಯೂಟರನ್ನು ತನ್ನ ಹೆಸರಿನಲ್ಲಿ ಮಾರುತ್ತಿತ್ತು. ಕಮೊಡೋರ್ ಕಂಪನಿ 1994ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ಯಂತ್ರಗಳಿಗೆ ಆ ಸುದ್ದಿ ಗೊತ್ತಾಗಲಿಲ್ಲ, ಓಡುತ್ತಲೇ ಇದ್ದವು. ಇನ್ನು ತೊಂದರೆ ಬಂದರೆ ಯಾರನ್ನು ಕೇಳುವುದು?

ಕೇಳಲು ಒಂದು ಜಾಗವಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಲಾಂಗ್‌ಮೆಡೋ ಎಂಬ ಸಣ್ಣ ಊರಿನ ಕ್ರಿಯೇಟಿವ್ ಮೈಕ್ರೋ ಡಿಸೈನ್ಸ್. ಬಳಸುವವರ ಬಾಯಲ್ಲಿ ಬರೀ ಸಿಎಂಡಿ. ಒಂದು ಮೆಗಾಹರ್ಟ್ಸ್ ವೇಗದ ಕಂಪ್ಯೂಟರಿಗೆ ಇಪ್ಪತ್ತು ಮೆಗಾಹರ್ಟ್ಸ್ ಪ್ರೊಸೆಸರ್ ಜೋಡಿಸುವ ಸೂಪರ್‌ಸಿಪಿಯು, ಹಾರ್ಡ್ ಡಿಸ್ಕ್, ‘ಕಮೊಡೋರ್ ವರ್ಲ್ಡ್’ ಎಂಬ ಪತ್ರಿಕೆ, ಹೀಗೆ ಹತ್ತಾರು ಕೆಲಸ ಮಾಡಿದರು. ನನಗೆ ಕುತೂಹಲ ಇರುವುದು ಅವರ ಅತ್ಯಂತ ಚಿಕ್ಕ ಸರಕಿನ ಬಗ್ಗೆ: ಜಿಫಿಡಾಸ್. ಎಂಟು ಕಿಲೋಬೈಟಿನ ಸಾಫ್ಟ್‌ವೇರು. ಈಗಿನ ಮೊಬೈಲಿನಲ್ಲಿ ಒಂದು ಸ್ಟಿಕ್ಕರ್ ಚಿತ್ರ ಇದಕ್ಕಿಂತ ದಪ್ಪ.

ಕಮೊಡೋರಿನ 1541 ಫ್ಲಾಪಿ ಡ್ರೈವಿನಷ್ಟು ನಿಧಾನದ ಡ್ರೈವ್ ಹುಡುಕುವುದು ಕಷ್ಟ. ಸೆಕೆಂಡಿಗೆ ಸುಮಾರು 400 ಬೈಟ್. ಒಂದು ಆಟ ಲೋಡಾಗುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದು. ಅದಕ್ಕೆ ಹಿಂದಿನ ಮಾದರಿಯ ಯಂತ್ರದಲ್ಲಿದ್ದ ಒಂದು ಚಿಪ್ಪಿನ ದೋಷ ಕಾರಣ. ದೋಷವನ್ನು ತಪ್ಪಿಸಲು ಡೇಟಾವನ್ನು ಒಂದೊಂದೇ ಬಿಟ್ಟಾಗಿ ಸಾಫ್ಟ್‌ವೇರಿನಿಂದ ಕಳಿಸುವ ಉಪಾಯ ಮಾಡಿದರು. ಹೊಸ ಯಂತ್ರದಲ್ಲಿ ದೋಷ ಹೋಯಿತು, ಉಪಾಯ ಮಾತ್ರ ಉಳಿಯಿತು. ಜಿಫಿಡಾಸ್ ಈ ಮಾತುಕತೆಯ ರೀತಿಯನ್ನೇ ಬದಲಿಸಿ ಹಲವು ಪಟ್ಟು ವೇಗ ತಂದಿತು. ಆದರೆ ಅದನ್ನು ಫ್ಲಾಪಿಯಿಂದ ಇನ್‌ಸ್ಟಾಲ್ ಮಾಡುವಂತಿಲ್ಲ. ಕಂಪ್ಯೂಟರ್ ಬಿಚ್ಚಿ ಒಂದು ಚಿಪ್ ಕಿತ್ತು ಇನ್ನೊಂದು ಕೂರಿಸಬೇಕು. ಡ್ರೈವನ್ನೂ ಬಿಚ್ಚಿ ಹಾಗೆಯೇ ಮಾಡಬೇಕು. ಸ್ಕ್ರೂಡ್ರೈವರ್ ಹಿಡಿದು ಕೂತವರು ಗ್ರಾಹಕರೇ, ಎಷ್ಟೋ ಜನರಿಗೆ ಮೊದಲನೆಯ ಸಲ. ಗ್ರಾಹಕ ಸೇವೆ ಎಂಬುದು ಇಲ್ಲಿ ನಿಜವಾದ ಕಸುಬಾಗುವುದು ಈ ಕಾರಣಕ್ಕೆ.

ಮಾರುವ ಮೊದಲೇ ಪ್ರಶ್ನೆಗಳು ಶುರು. ಡ್ರೈವ್ ಯಾವುದು, 1541ಓ, 1541-2ಓ, 1571ಓ? ಒಂದರ ಚಿಪ್ ಇನ್ನೊಂದಕ್ಕೆ ಆಗುವುದಿಲ್ಲ. ಕಂಪ್ಯೂಟರ್ ಬಿಚ್ಚಿ ಚಿಪ್ಪಿನ ಕಾಲು ಎಣಿಸಿದಿರಾ? ಹಳೆಯ ಬೋರ್ಡಿನಲ್ಲಿ 24 ಕಾಲು, ಕೊನೆಕೊನೆಯ ಬೋರ್ಡಿನಲ್ಲಿ 28. ಚಿಪ್ ಸಾಕೆಟ್ಟಿನಲ್ಲಿ ಕೂತಿದೆಯೋ, ನೇರ ಬೆಸುಗೆ ಹಾಕಿದ್ದಾರೋ? ಚಿಪ್ಪಿನ ಒಂದು ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ, ಅದು ಯಾವ ಕಡೆಗಿತ್ತು ಎಂದು ಕೀಳುವ ಮೊದಲೇ ನೋಡಿಟ್ಟುಕೊಂಡಿರಾ? ತಿರುಗುಮುರುಗಾಗಿ ಕೂರಿಸಿ ಸ್ವಿಚ್ ಹಾಕಿದರೆ ಚಿಪ್ಪಿನ ಕತೆ ಮುಗಿಯಿತು.

ಕೂರಿಸಿದ ಮೇಲೂ ವೇಗ ಬರಲಿಲ್ಲ ಎನ್ನಿ. ತಪ್ಪು ಕಂಪ್ಯೂಟರಿನದೋ ಡ್ರೈವಿನದೋ ಎಂದು ದೂರದಲ್ಲಿ ಕೂತು ಪತ್ತೆಮಾಡುವ ದಾರಿ ಬಹಳ ಚೆನ್ನಾಗಿದೆ. ಡ್ರೈವ್ ಆರಿಸಿ ಮತ್ತೆ ಹಚ್ಚಿ, ಕೀಲಿಮಣೆಯಲ್ಲಿ ಇಮೇಲ್ ವಿಳಾಸದಲ್ಲಿ ಬರುವ ಆ ‘ಅಟ್’ ಚಿಹ್ನೆಯನ್ನೊಂದನ್ನೇ ಒತ್ತಿ ರಿಟರ್ನ್ ಹೊಡೆಯಿರಿ. ಸಿಂಟ್ಯಾಕ್ಸ್ ಎರರ್ ಎಂದು ಬೈದರೆ ಕಂಪ್ಯೂಟರಿನಲ್ಲಿ ಹೊಸ ಚಿಪ್ ಎದ್ದೇ ಇಲ್ಲ. ಉತ್ತರ ಬಂದರೆ ಅದು 73 ಎಂಬ ಸಂಖ್ಯೆಯಿಂದ ಶುರುವಾಗಿ ಡ್ರೈವು ತನ್ನ ಹೆಸರು ಹೇಳುತ್ತದೆ. ‘ಜಿಫಿಡಾಸ್’ ಎಂದರೆ ಸರಿ. ‘ಸಿಬಿಎಂ ಡಾಸ್’ ಎಂದು ಹಳೆಯ ಹೆಸರನ್ನೇ ಹೇಳಿದರೆ ಡ್ರೈವಿನ ಚಿಪ್ ಕಡೆ ನೋಡಬೇಕು. ಒಂದೇ ಕೀಲಿ, ಮೂರು ಉತ್ತರ. ನಾಡಿ ಹಿಡಿದು ರೋಗ ಹೇಳುವುದು ಅಂದರೆ ಇದು!

ಕೆಲವು ದೂರುಗಳು ದೂರೇ ಅಲ್ಲ. ‘ನಿಮ್ಮ ಚಿಪ್ ಹಾಕಿದ ಮೇಲೆ ಕ್ಯಾಸೆಟ್ ಓಡ್ತಿಲ್ಲ’ ಎಂಬುದು ಅಂಥದ್ದು. ಎಂಟು ಕಿಲೋಬೈಟಿನೊಳಗೆ ಹೊಸ ಸಂಗತಿ ತುರುಕಲು ಜಾಗ ಬೇಕಲ್ಲ, ಕ್ಯಾಸೆಟ್ ನಡೆಸುವ ಭಾಗವನ್ನೇ ಕಿತ್ತುಹಾಕಿದ್ದರು. ಕ್ಯಾಸೆಟ್ ಬೇಕಾದಾಗ ಕಮೊಡೋರಿನ ಮೂಲ ಸಾಫ್ಟ್‌ವೇರಿಗೆ ಮರಳಲು ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದನ್ನು ಆ ಕಡೆ ತಳ್ಳಿದರಾಯಿತು.

ಇನ್ನು ಕೆಲವು ಸಾಫ್ಟ್‌ವೇರಿಗೆ ಸಂಬಂಧವೇ ಇಲ್ಲದವು. ಕಮೊಡೋರ್ 64ರ ಜೊತೆ ಬಂದ ವಿದ್ಯುತ್ ಅಡಾಪ್ಟರು ಒಳಗೆಲ್ಲ ರಾಳ ತುಂಬಿ ಗಟ್ಟಿಮಾಡಿದ ಇಟ್ಟಿಗೆ. ಬಿಚ್ಚಿ ದುರಸ್ತಿ ಮಾಡುವಂತಿಲ್ಲ, ಶಾಖ ಹೊರಹೋಗುವಂತಿಲ್ಲ. ವಯಸ್ಸಾದಂತೆ ಅದರ ಐದು ವೋಲ್ಟಿನ ರೆಗ್ಯುಲೇಟರ್ ಕೆಟ್ಟು ಹೆಚ್ಚು ವೋಲ್ಟೇಜ್ ಬಿಡುತ್ತದೆ, ಮೆಮೊರಿ ಚಿಪ್ಪುಗಳು ಸುಟ್ಟುಹೋಗುತ್ತವೆ. ಮಲ್ಟಿಮೀಟರಿನಲ್ಲಿ ನೋಡದೆ ಹಳೆಯ ಇಟ್ಟಿಗೆ ಚುಚ್ಚಬೇಡಿ ಎಂಬುದನ್ನು ಈ ವಲಯದವರು ಮಗ್ಗಿಯಂತೆ ಒಪ್ಪಿಸುತ್ತಾರೆ. ಡ್ರೈವಿನದು ಇನ್ನೊಂದು ಬಗೆ. ನೀವೇ ಬರೆದ ಫ್ಲಾಪಿಯನ್ನು ಅದು ಓದುತ್ತದಾ? ಅಂಗಡಿಯಿಂದ ತಂದದ್ದನ್ನು? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದರೆ ಡ್ರೈವಿನ ಹೆಡ್ಡು ಜಾಗ ತಪ್ಪಿದೆ. ತಪ್ಪಾಗಿ ಬರೆದದ್ದನ್ನು ಅಷ್ಟೇ ತಪ್ಪಾಗಿ ಓದಿಕೊಳ್ಳುತ್ತಿದೆ.

ಈಗಿನ ಹೆಲ್ಪ್‌ಲೈನುಗಳಿಗೆ ಒಂದು ಸಿದ್ಧ ಉತ್ತರ ಇದೆ, ಅಪ್‌ಡೇಟ್ ಮಾಡಿ ಎಂದು. ಮಾಡಿದ ಮೇಲೂ ಸರಿಹೋಗದಿದ್ದರೆ ಮುಂದಿನ ಅಪ್‌ಡೇಟಿಗೆ ಕಾಯಬೇಕು. ಈ ಎಂಟು ಕಿಲೋಬೈಟಿಗೆ ಅಪ್‌ಡೇಟೇ ಇಲ್ಲ, ಅದು ಬರೆದು ಮುಗಿಸಿದ್ದು. ಹಾಗಾಗಿ ಆ ಕಡೆಯವರಿಗೆ ಮುಂದೆ ತಳ್ಳುವ ಅವಕಾಶವೂ ಇಲ್ಲ, ಕೇಳಿ ಕೇಳಿ ಕಾಯಿಲೆ ಎಲ್ಲಿದೆ ಎಂದು ಹುಡುಕಲೇಬೇಕು. ಇದರ ಲಾಭವೂ ಇದೆ. ಒಮ್ಮೆ ಕಲಿತ ಉತ್ತರ ಹಳಸುವುದಿಲ್ಲ. 1990ರಲ್ಲಿ ಹೇಳಿದ್ದು ಇವತ್ತಿಗೂ ಅಕ್ಷರಶಃ ಸರಿ.

ಎಲ್ಲ ಸಾಫ್ಟ್‌ವೇರೂ ಇಷ್ಟು ಸಾಧುವಲ್ಲ. ಇದೇ ಯಂತ್ರಕ್ಕೆ 1986ರಲ್ಲಿ ಬರ್ಕ್ಲಿ ಸಾಫ್ಟ್‌ವರ್ಕ್ಸ್ ತಂದ ಜಿಯೋಸ್, ಕಿಟಕಿ-ಚಿತ್ರಗಳ ಚೆಂದದ ವ್ಯವಸ್ಥೆ, ನಕಲು ತಡೆಯಲು ಒಂದು ಬೀಗ ಇಟ್ಟುಕೊಂಡಿತ್ತು. ಮೊದಲ ಸಲ ಓಡಿದಾಗ ಅದು ತನಗೊಂದು ಗುಪ್ತ ಸಂಖ್ಯೆ ಮಾಡಿಕೊಳ್ಳುತ್ತದೆ. ಆಮೇಲೆ ನೀವು ದುಡ್ಡು ಕೊಟ್ಟು ತಂದ ಪ್ರೋಗ್ರಾಂಗಳಿಗೂ ಅದೇ ಮುದ್ರೆ ಒತ್ತುತ್ತದೆ. ಮೂಲ ಫ್ಲಾಪಿ ಬೂಸ್ಟು ಹಿಡಿದು ಸತ್ತರೆ, ಇನ್ನೊಬ್ಬರ ಜಿಯೋಸ್ ತಂದರೂ ನಿಮ್ಮ ಪ್ರೋಗ್ರಾಂ ಬಾಗಿಲು ತೆಗೆಯುವುದಿಲ್ಲ. ಪ್ರಾಮಾಣಿಕ ಗ್ರಾಹಕರಿಗೆ ಕೊಟ್ಟ ಶಿಕ್ಷೆ ಎಂದೇ ನಾನು ಅದನ್ನು ಕರೆಯುವುದು.

ಸಿಎಂಡಿ 2001ರಲ್ಲಿ ಕಮೊಡೋರ್ ಸರಕು ಮಾರುವುದನ್ನು ನಿಲ್ಲಿಸಿತು. ಈಗ ಅಮೆರಿಕದಲ್ಲಿ ರೆಟ್ರೋ ಇನೊವೇಷನ್ಸ್ ಎಂಬ ಸಣ್ಣ ಸಂಸ್ಥೆ ಪರವಾನಗಿ ಪಡೆದು ಜಿಫಿಡಾಸ್ ಮಾರುತ್ತಿದೆ. ಇವತ್ತು ಆರ್ಡರ್ ಮಾಡಿ ತರಿಸಿದ ಚಿಪ್ ಕೂರಿಸಿ ಸ್ವಿಚ್ ಹಾಕಿದರೂ ಮೇಲಿನ ಸಾಲಿನಲ್ಲಿ ಸಿಎಂಡಿ ಹೆಸರು, 1989ರ ಇಸವಿ. ಅದರ ಕೆಳಗೆ, ಎಲ್ಲ ಸರಿಯಿದ್ದರೆ, 38911.